ಮೂರು ವರ್ಷದ ಗಡುವು, ಎಂಬತ್ತು ವರ್ಷದ ವಿಜ್ಞಾನ

ಸಂಶೋಧನೆಗೆ ಧನವನ್ನೀಯುವವರು ಅದರ ಪ್ರಯೋಜನವೇನೆಂದು ವಿಚಾರಿಸುವುದು ಅನುಚಿತವಲ್ಲ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕೆ ದೊರೆಯುವ ಅನುದಾನದ ಅವಧಿಯೊಳಗೇ ಆ ಪ್ರಯೋಜನವನ್ನು ತಂದೊಪ್ಪಿಸಬೇಕೆಂದು ನಿರೀಕ್ಷಿಸುವುದು ವಿಜ್ಞಾನದ ನಡೆಯನ್ನರಿತವರ ಮಾತಲ್ಲ.

ಪದರ ಪದರವಾಗಿರುವ ಅರೆವಾಹಕಗಳ ಅಧ್ಯಯನವನ್ನೇ ನೋಡಬಹುದು. ಬೆಳಕನ್ನು ಹೀರಿದ ಸ್ಫಟಿಕದಲ್ಲಿ ಆ ಉದ್ರೇಕವು ವಿದ್ಯುತ್ತನ್ನು ಒಯ್ಯದೆಯೇ ಸಂಚರಿಸಬಲ್ಲುದೆಂದು ರಷ್ಯದ ಯಾಕೊವ್ ಫ್ರೆಂಕೆಲ್ 1931ರಲ್ಲಿ ಪ್ರತಿಪಾದಿಸಿದನು. ಎಲೆಕ್ಟ್ರಾನೂ ಅದು ತೆರವು ಮಾಡಿದ ರಂಧ್ರವೂ ಪರಸ್ಪರ ಆಕರ್ಷಣೆಯಿಂದ ಬದ್ಧವಾಗಿರುವ ಆ ಜೋಡಿಯೇ ಎಕ್ಸಿಟಾನ್. ಅದೇ ವರ್ಷ ಮರಿಯಾ ಗೋಪರ್ಟ್-ಮಾಯರ್, ಪರಮಾಣುವೊಂದು ಎರಡು ಫೋಟಾನುಗಳನ್ನು ಏಕಕಾಲದಲ್ಲಿ ಹೀರಬಲ್ಲುದೆಂಬ ಸಿದ್ಧಾಂತವನ್ನು ಪ್ರಕಟಿಸಿದಳು. ಆ ಸಿದ್ಧಾಂತವನ್ನು ಪರೀಕ್ಷಿಸುವಷ್ಟು ತೀವ್ರವಾದ ಬೆಳಕು ಆಗ ಎಲ್ಲಿಯೂ ಇರಲಿಲ್ಲವಾದುದರಿಂದ, 1960ರಲ್ಲಿ ಲೇಸರ್ ಹುಟ್ಟಿದ ಮರುವರ್ಷವಷ್ಟೇ ಅದು ಪ್ರಯೋಗದಲ್ಲಿ ದೃಢಪಟ್ಟಿತು.

ಈ ಎರಡು ಧಾರೆಗಳು ಒಂದೇ ಪರಮಾಣು-ಪದರದಲ್ಲಿ ಕೂಡಿದ ಬಗೆ ಮನನೀಯವಾದುದು. ಎಕ್ಸಿಟಾನಿಗೆ ಹೈಡ್ರೋಜನ್ ಪರಮಾಣುವಿನಂತೆ ಹಲವು ಶಕ್ತಿಸ್ತರಗಳುಂಟು. ಒಂದು ಫೋಟಾನು ಅವುಗಳಲ್ಲಿ ಕೆಲವನ್ನು ಮಾತ್ರ ಮುಟ್ಟಬಲ್ಲುದು, ಅದಕ್ಕೆ ನಿಷಿದ್ಧವಾಗಿ ಉಳಿದ ಸ್ತರಗಳನ್ನು ಅರ್ಧರ್ಧ ಶಕ್ತಿಯ ಎರಡು ಫೋಟಾನುಗಳು ಜೊತೆಗೂಡಿ ತಲಪುತ್ತವೆ. 2014ರಲ್ಲಿ ಅಂತಹ ಪದರಗಳ ಅರೆವಾಹಕವಾದ ಟಂಗ್‌ಸ್ಟನ್ ಡೈಸೆಲಿನೈಡಿನ ಒಂಟಿ ಪದರವನ್ನು ಹೀಗೆ ಪರೀಕ್ಷಿಸಿದಾಗ, ಅಲ್ಲಿಯ ಜೋಡಿಯ ಬಂಧನಶಕ್ತಿ ಸುಮಾರು 0.37 ಎಲೆಕ್ಟ್ರಾನ್-ವೋಲ್ಟ್ ಎಂದು ತಿಳಿದುಬಂದಿತು. ಪದರಗಳಿಲ್ಲದ ಅರೆವಾಹಕವಾದ ಗ್ಯಾಲಿಯಂ ಆರ್ಸೆನೈಡಿನಲ್ಲಿ ಅದು ಸುಮಾರು 0.004 ಮಾತ್ರ. ಒಂದು ನ್ಯಾನೋಮೀಟರಿಗಿಂತಲೂ ತೆಳುವಾದ ಪದರದಲ್ಲಿ ವಿದ್ಯುತ್‌ಕ್ಷೇತ್ರದ ರೇಖೆಗಳು ಬಹುಮಟ್ಟಿಗೆ ಹೊರಗಿನ ಶೂನ್ಯದಲ್ಲಿಯೇ ಹಾಯುವುದರಿಂದ, ಆಕರ್ಷಣೆಯನ್ನು ಮರೆಮಾಡಿ ಕುಗ್ಗಿಸುವ ದ್ರವ್ಯವೇ ಅಲ್ಲಿ ಸಾಲದು. ಆದಕಾರಣ ಸಾಧಾರಣ ಕೊಠಡಿಯ ಉಷ್ಣತೆಯಲ್ಲಿಯೂ ಆ ಜೋಡಿ ಅಗಲದೆ ನಿಲ್ಲುತ್ತದೆ. ಬೆಳಕನ್ನು ಸೂಸುವ, ಗ್ರಹಿಸುವ ಅತಿಸೂಕ್ಷ್ಮ ಸಾಧನಗಳ ಆಸೆ ಹುಟ್ಟಿರುವುದೂ ಇಲ್ಲಿಯೇ.

1931ರಲ್ಲಿ ಫ್ರೆಂಕೆಲನನ್ನಾಗಲಿ ಗೋಪರ್ಟ್-ಮಾಯರಳನ್ನಾಗಲಿ ಉಪಯೋಗವೇನೆಂದು ಕೇಳಿದ್ದರೆ, ಈ ಉತ್ತರವನ್ನು ಅವರು ಕೊಡುವ ಸಂಭವವೇ ಇರಲಿಲ್ಲ. ಆದುದರಿಂದ ನಮ್ಮ ಅನುದಾನ ಸಮಿತಿಗಳು ಪ್ರಶ್ನೆಯ ಗಾಂಭೀರ್ಯವನ್ನೂ ಅಳತೆಯ ಪ್ರಾಮಾಣಿಕತೆಯನ್ನೂ ಕಟ್ಟುನಿಟ್ಟಾಗಿ ಪರೀಕ್ಷಿಸಲಿ. ಆದರೆ ಹಣದ ಒಂದು ಪಾಲನ್ನಾದರೂ ಹತ್ತು-ಹದಿನೈದು ವರ್ಷಗಳ ಕೆಲಸಕ್ಕೆಂದು, ಉಪಯೋಗದ ಷರತ್ತಿಲ್ಲದೆ, ತೆಗೆದಿರಿಸಲಿ.