ಪುನರ್ವಸುವಿನಲ್ಲೋ ಹಸ್ತದಲ್ಲೋ: ಮಳೆಗಾಲಕ್ಕೊಂದು ಬೆಟ್ಟ ಆರಿಸುವಾಗ

ಮುಂಗಾರು ಘಟ್ಟಕ್ಕೆ ಬಡಿದ ವಾರದಿಂದಲೇ ಚಾರಣದ ಮಾತು ಶುರುವಾಗುತ್ತದೆ. ಕುದುರೆಮುಖವೋ, ಕೊಡಚಾದ್ರಿಯೋ, ಎತ್ತಿನಭುಜವೋ? ಮಲೆನಾಡನ್ನು ನೋಡುವುದಾದರೆ ಪುನರ್ವಸು ಮಳೆ ಹಿಡಿದು ಹೊಯ್ಯುವ ಜುಲೈನಲ್ಲೇ ನೋಡಬೇಕು ಎನ್ನುವವರು ಒಂದು ಕಡೆ. ಮಳೆ ಹೊಳವಾಗುವವರೆಗೆ ಘಟ್ಟದ ಕಡೆ ತಲೆಹಾಕಲೇಬಾರದು ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿಗೂ ಆಧಾರವಿದೆ. ಬೆಟ್ಟ ಆರಿಸುವ ಮೊದಲು ಎರಡನ್ನೂ ಪೂರ್ತಿ ಕೇಳಿಸಿಕೊಳ್ಳುವುದು ಒಳ್ಳೆಯದು.

ಹೋಗಬೇಕು ಎನ್ನುವವರ ವಾದ ಬರೀ ಫೋಟೊದ ಆಸೆಯಲ್ಲ. ಪಶ್ಚಿಮಘಟ್ಟ ಮಳೆಯಿಂದ ಬದುಕುವ ಬೆಟ್ಟಸಾಲು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಬೇಸಿಗೆಯಲ್ಲಿ ಒಣಗಿ ಕಂದಾಗಿದ್ದ ಹುಲ್ಲುಗುಡ್ಡ ಆಗ ಹಸಿರಾಗುತ್ತದೆ, ಗುಡ್ಡದ ಮಡಿಲಿನ ಶೋಲಾ ಕಾಡು ಸೋರತೊಡಗುತ್ತದೆ. ಕುದುರೆಮುಖ ಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಓದಿದ್ದು ಕಣ್ಣಿಗೆ ಕಾಣುವುದು ಈ ದಿನಗಳಲ್ಲೇ. ಹುಲ್ಲಿನ ಬುಡದಿಂದ ಜಿನುಗುವ ನೀರು ನೂರು ಹೆಜ್ಜೆ ಕೆಳಗೆ ತೊರೆಯಾಗಿರುತ್ತದೆ, ಇನ್ನಷ್ಟು ಕೆಳಗೆ ಹಳ್ಳವಾಗಿರುತ್ತದೆ. ಸೀತಾಳೆ ದಂಡೆ, ಕರ್ಣಕುಂಡಲದಂಥ ಹೂಗಳಿಗೂ ಘಟ್ಟಕ್ಕೇ ಸೀಮಿತವಾದ ಹಲವು ಕಪ್ಪೆಗಳಿಗೂ ಇದೇ ಋತು. ಡಿಸೆಂಬರ್‌ನಲ್ಲಿ ಹೋದವರಿಗೆ ಬೆಟ್ಟ ಸಿಗುತ್ತದೆ, ಈ ಜೀವಲೋಕ ಸಿಗುವುದಿಲ್ಲ.

ಇಂಬಳದ ಹೆದರಿಕೆಗೂ ಅವರಲ್ಲಿ ಉತ್ತರವಿದೆ. ಇಂಬಳ ಕಚ್ಚಿದರೆ ರಕ್ತ ಸ್ವಲ್ಪ ಹೊತ್ತು ನಿಲ್ಲದೆ ಸೋರುತ್ತದೆ, ತುರಿಸುತ್ತದೆ, ಸಾಮಾನ್ಯವಾಗಿ ಅಷ್ಟೇ. ಸುಣ್ಣ, ಉಪ್ಪು, ಹೊಗೆಸೊಪ್ಪಿನ ಪುಡಿ ಮಲೆನಾಡಿನವರ ಹಳೆಯ ಉಪಾಯಗಳು. ನಿಜವಾಗಿ ಅಂಜಬೇಕಾದದ್ದು ಒಣ ಋತುವಿನ ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದ, ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತನಕ.

ಬೇಡ ಎನ್ನುವವರು ಮಾತು ಶುರುಮಾಡುವುದು ಹಳ್ಳದಿಂದ. ಆರಿದ್ರೆ ಮುಗಿಯುವ ಹೊತ್ತಿಗೆ ಘಟ್ಟದ ಮಣ್ಣು ಹೊಟ್ಟೆತುಂಬ ನೀರು ಕುಡಿದಿರುತ್ತದೆ. ಆಮೇಲೆ ಬಿದ್ದ ಮಳೆಯೆಲ್ಲ ಇಳಿಜಾರಿನಲ್ಲಿ ನೇರವಾಗಿ ಹಳ್ಳಕ್ಕೇ ಓಡುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ನೀರು ಮಧ್ಯಾಹ್ನ ವಾಪಸು ಬರುವಾಗ ಸೊಂಟ ಮುಟ್ಟಿರಬಹುದು. ನೀವು ನಿಂತಲ್ಲಿ ಹನಿ ಬೀಳದಿದ್ದರೂ ಸರಿ, ಮೇಲಿನ ಗುಡ್ಡದಲ್ಲಿ ಒಂದು ಗಂಟೆ ಬಾರಿಸಿದರೆ ಸಾಕು. ಹಳ್ಳ ಏರುವ ಮೊದಲು ಸೂಚನೆ ಕೊಡುತ್ತದೆ: ತಿಳಿಯಾಗಿದ್ದ ನೀರು ಕೆಂಪಾಗುತ್ತದೆ, ತರಗೆಲೆ, ಕಡ್ಡಿಕಸ ತೇಲಿಬರುತ್ತವೆ, ತಳದಲ್ಲಿ ಕಲ್ಲಿಗೆ ಕಲ್ಲು ಬಡಿಯುವ ಸದ್ದು ಕೇಳುತ್ತದೆ. ಊರಿನವರು ಇದನ್ನು ನೋಡಿ ಈಚೆ ದಡದಲ್ಲೇ ಕೂರುತ್ತಾರೆ. ಸಂಜೆಯ ಬಸ್ಸು ಹಿಡಿಯಬೇಕಾದ ಹುಡುಗರು ಕೈಕೈ ಹಿಡಿದು ನೀರಿಗಿಳಿಯುತ್ತಾರೆ.

ಎರಡನೆಯ ಆತಂಕ ಮಣ್ಣಿನದು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಸಾಲುಸಾಲಾಗಿ ಜರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಬಿತ್ತು. ಈ ಮೂರೂ ಕಡೆ ಮಣ್ಣಿನಡಿ ಸಿಕ್ಕವರು ಚಾರಣಕ್ಕೆ ಹೋದವರಲ್ಲ, ತಮ್ಮ ಮನೆಯಲ್ಲಿದ್ದವರು, ತಮ್ಮ ಕೆಲಸದಲ್ಲಿದ್ದವರು, ದಾರಿಯಲ್ಲಿದ್ದವರು. ಅಂಥ ದಿನಗಳಲ್ಲಿ ನಾವೂ ಹೋಗಿ ಸಿಕ್ಕಿಕೊಂಡರೆ, ಊರಿನವರಿಗೆ ಬೇಕಾದ ಅಗ್ನಿಶಾಮಕ ಸಿಬ್ಬಂದಿಯನ್ನೂ ಅರಣ್ಯ ರಕ್ಷಕರನ್ನೂ ನಮ್ಮ ಹುಡುಕಾಟಕ್ಕೆ ಎಳೆದಂತಾಗುತ್ತದೆ. ಬೇಡ ಎನ್ನುವವರ ವಾದದಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಇದೇ.

ಬೆಟ್ಟಕ್ಕೆ ಆಗುವ ಗಾಯವೂ ಲೆಕ್ಕಕ್ಕೆ ಬರಬೇಕು. ಕಾಲುದಾರಿ ಕೆಸರಾದಾಗ ಜನ ಪಕ್ಕದ ಹುಲ್ಲು ತುಳಿದು ನಡೆಯುತ್ತಾರೆ, ಅಲ್ಲಿ ಹೊಸ ದಾರಿ ಬೀಳುತ್ತದೆ, ಆ ದಾರಿಯಲ್ಲಿ ನೀರು ಹರಿದು ಕೊರಕಲಾಗುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ತಂದಿತು. ಆದರೆ ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಜುಲೈನ ಮಣ್ಣು ಗಟ್ಟಿಯಾಗುವುದಿಲ್ಲ.

ಹಾಗಂತ ಇಡೀ ಮಳೆಗಾಲ ಬಾಗಿಲು ಹಾಕಿ ಎನ್ನುವುದೂ ಅಷ್ಟು ಸಲೀಸಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಹಲವು ದಾರಿಗಳನ್ನು ಅರಣ್ಯ ಇಲಾಖೆ ಹೇಗೂ ಮುಚ್ಚುತ್ತದೆ. ಮಳೆಗೂ ಮುಚ್ಚಿದರೆ ಜೀಪು ಓಡಿಸುವವರಿಗೆ, ದಾರಿ ತೋರಿಸುವ ಹುಡುಗರಿಗೆ, ನೀರುದೋಸೆ ಹುಯ್ದು ಬಡಿಸುವ ಹೋಮ್‌ಸ್ಟೇ ಮನೆಗಳಿಗೆ ದುಡಿಮೆಯ ದಿನಗಳು ಎಷ್ಟು ಉಳಿದಾವು? ಅಡಿಕೆಗೆ ಕೊಳೆರೋಗ ಬಂದ ವರ್ಷ ಆ ದುಡ್ಡು ಸಣ್ಣದಲ್ಲ. ಮಳೆ ಕಳೆದ ಮೇಲೆ ಎಲ್ಲವೂ ಸುರಕ್ಷಿತ ಎಂಬುದೂ ಪೂರ್ತಿ ನಿಜವಲ್ಲ. ಅಕ್ಟೋಬರ್‌ನ ಮಧ್ಯಾಹ್ನಗಳಲ್ಲಿ ಗುಡುಗು ಮಿಂಚಿನ ಮಳೆ ಬರುತ್ತದೆ, ಮರವಿಲ್ಲದ ಬೋಳು ದಿಣ್ಣೆಯ ಮೇಲೆ ಸಿಡಿಲಿಗೆ ಮರೆಯಿರುವುದಿಲ್ಲ.

ನನಗೆ ಕಾಣುವಂತೆ ಈ ಜಗಳ ಬಗೆಹರಿಯದಿರುವುದು ಎರಡು ಕಡೆಯವರೂ ‘ಮಳೆಗಾಲ’ವನ್ನು ಒಂದೇ ಗಂಟು ಮಾಡಿ ಮಾತಾಡುವುದರಿಂದ. ಮಲೆನಾಡಿನ ರೈತ ಹಾಗೆ ಮಾತಾಡುವುದಿಲ್ಲ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಅವನಿಗೆ ಬೇರೆ ಬೇರೆ ಮಳೆಗಳು. ಉತ್ತರೆ, ಹಸ್ತಗಳ ಗುಣವೇ ಬೇರೆ. ಚಾರಣಿಗನೂ ಹಾಗೆ ಬಿಡಿಸಿ ನೋಡಬೇಕು.

ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಉದ್ದದ ದಾರಿಗಳನ್ನು ಬಿಡುವುದೇ ಮೇಲು. ಮುಳ್ಳೋಡಿಯಿಂದ ಕುದುರೆಮುಖದ ನೆತ್ತಿಗೆ ಹೋಗಿಬರಲು ಸುಮಾರು 20 ಕಿ.ಮೀ. ನಡಿಗೆ, ನಡುವೆ ಹಲವು ಹಳ್ಳ. ಇಷ್ಟು ಕಷ್ಟಪಟ್ಟು ತುದಿ ಮುಟ್ಟಿದರೂ ಆ ದಿನಗಳಲ್ಲಿ ಕಾಣುವುದು ಹೆಚ್ಚಾಗಿ ಬಿಳಿ ಮೋಡ ಮಾತ್ರ. ಮಳೆಯನ್ನೇ ನೋಡುವ ಆಸೆಯಿದ್ದರೆ ಹಳ್ಳ ದಾಟಬೇಕಿಲ್ಲದ, ಎರಡು ಮೂರು ಗಂಟೆಯಲ್ಲಿ ಮುಗಿಯುವ ನಡಿಗೆ ಸಾಕು. ಅಲ್ಲಿ ಊರಿನವರೊಬ್ಬರು ಜೊತೆಗಿರಲಿ. ಬರೀ ನಡೆಯುವ ಚಪಲವಾದರೆ ಬಯಲುಸೀಮೆಗೆ ತಿರುಗಬಹುದು. ಘಟ್ಟದ ಮಳೆನೆರಳಿನಲ್ಲಿರುವ ಶಿವಗಂಗೆ, ದೇವರಾಯನದುರ್ಗದ ಕಡೆ ಜುಲೈನಲ್ಲಿ ತಂಪು ಗಾಳಿ, ತುಂತುರು ಹೆಚ್ಚು. ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದರೆ ಸಾವನದುರ್ಗ, ಮಧುಗಿರಿಯಂಥ ಏಕಶಿಲೆಯ ಬೆಟ್ಟಗಳು ಬೇರೆ ಲೆಕ್ಕ. ಬಂಡೆ ನೆನೆದ ದಿನ ಅಲ್ಲಿ ಹಿಡಿದುಕೊಳ್ಳಲು ಹುಲ್ಲುಕಡ್ಡಿಯೂ ಸಿಗುವುದಿಲ್ಲ.

ದೊಡ್ಡ ಬೆಟ್ಟವೇ ಬೇಕು ಎನ್ನುವವರಿಗೆ ಉತ್ತರೆ ಕಳೆದು ಹಸ್ತ ಹಿಡಿಯುವ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಸೂಕ್ತ. ಹಳ್ಳ ಇಳಿದಿರುತ್ತದೆ, ಹಸಿರು ಉಳಿದಿರುತ್ತದೆ. 2022ರಲ್ಲಿ ಚಂದ್ರದ್ರೋಣ ಸಾಲನ್ನು ಕುರಿಂಜಿ ನೀಲಿ ಮಾಡಿದ್ದೂ ಸೆಪ್ಟೆಂಬರ್‌ನಲ್ಲೇ. ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನದ ಗುಡುಗಿಗೆ ಮೊದಲು ದಿಣ್ಣೆ ಇಳಿದರೆ ಆಯಿತು.

ಬುಕಿಂಗ್ ಸಿಕ್ಕಿತೆಂದರೆ ಬೆಟ್ಟ ಒಪ್ಪಿತು ಎಂದಲ್ಲ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಎಂದರೆ ಸಾಮಾನ್ಯವಾಗಿ ಒಂದೇ ದಿನದಲ್ಲಿ 204 ಮಿ.ಮೀ.ಗೂ ಮೀರಿದ ಮಳೆಯ ಸಾಧ್ಯತೆ. ಆ ದಿನ, ಅದರ ಮರುದಿನವೂ, ದುಡ್ಡು ಹೋದರೆ ಹೋಗಲಿ ಎಂದು ಮನೆಯಲ್ಲಿರಬೇಕು. ಕಡಿದಾದ ಹಳ್ಳ ಏರುವಷ್ಟೇ ಬೇಗ ಇಳಿಯುವುದೂ ಉಂಟು. ಕಾಯಲು ಪುರುಸೊತ್ತಿಲ್ಲದವರು ಹಳ್ಳವಿರುವ ದಾರಿ ಹಿಡಿಯಬಾರದು. ಆದ್ದರಿಂದ ಮಳೆಗಾಲದ ಬೆಟ್ಟವನ್ನು ಶಿಖರದ ಎತ್ತರ ನೋಡಿ ಆರಿಸಬೇಡಿ. ದಾರಿಯಲ್ಲಿ ಎಷ್ಟು ಹಳ್ಳವಿದೆ, ಎಲ್ಲಿ ಸಂಕವಿದೆ, ಅರ್ಧದಲ್ಲಿ ತಿರುಗಿದರೂ ಆ ದಿನ ಸಾರ್ಥಕ ಅನ್ನಿಸುತ್ತದೆಯೇ ಎಂದು ಕೇಳಿಕೊಂಡು ಆರಿಸಿ. ಕೊನೆಯ ಪ್ರಶ್ನೆಗೆ ಹೌದು ಎನ್ನಬಲ್ಲವರು ಜುಲೈನಲ್ಲೂ ಹೋಗಬಹುದು. ಇಲ್ಲ ಎನ್ನುವವರು ಹಸ್ತಕ್ಕೆ ಕಾಯುವುದೇ ಸರಿ.