ನೂರಕ್ಕೆ ನೂರು

1991ರಲ್ಲಿ ಪ್ರಕಟವಾದ ಪೈಥಾನ್ ಎಂಬ ಗಣಕಭಾಷೆಯಲ್ಲಿ ‘ಸೆಟ್‌ಟ್ರೇಸ್’ ಎಂಬದೊಂದು ಸೌಕರ್ಯವಿರುವದು. ಪ್ರೋಗ್ರಾಮು ಓಡುತ್ತಿರುವಾಗ ಒಂದೊಂದು ಸಾಲನ್ನು ನಡಿಸುವ ಮೊದಲು ಅದು ನಾವು ನೇಮಿಸಿದ ಕಾವಲುಗಾರನಿಗೆ ಸುದ್ದಿ ಮುಟ್ಟಿಸುವದು. ಇದನ್ನು ಆಧರಿಸಿ ಹುಟ್ಟಿದ ‘ಕವರೇಜ್’ ಎಂಬ ಉಪಕರಣವು, ನಾವು ಬರೆದ ಪರೀಕ್ಷೆಗಳಿಂದ ಯಾವ ಸಾಲುಗಳು ನಡೆದವು, ಯಾವವು ಉಳಿದವು ಎಂದು ಲೆಕ್ಕವಿಟ್ಟು ಶೇಕಡಾ ಅಂಕವನ್ನು ತಿಳಿಸುವದು. ಸಾಲುಸಾಲಿಗೂ ವರದಿ ಬೇಡುವದರಿಂದ ಓಟವು ನಿಧಾನವಾಗುವದುಂಟು, 2023ರ 3.12ನೆಯ ಆವೃತ್ತಿಯು ಈ ಭಾರವನ್ನು ತಗ್ಗಿಸುವ ಬೇರೊಂದು ಮಾರ್ಗವನ್ನು ಒದಗಿಸಿತು.

ಈ ಅಂಕದಿಂದಲೇ ಕೆಲಸದ ಯೋಗ್ಯತೆಯನ್ನು ಅಳೆಯುವ ಪದ್ಧತಿಯನ್ನು ನಾನು ಒಪ್ಪಲಾರೆನು. ಅಂಕಗಳ ಮೊತ್ತವನ್ನು ವಿದ್ಯಾರ್ಥಿನಿಯರ ಸಂಖ್ಯೆಯಿಂದ ಭಾಗಿಸುವ ಒಂದೇ ಸಾಲಿದೆಯೆನ್ನಿರಿ. ಮೂವರ ಪಟ್ಟಿಯನ್ನು ಕೊಟ್ಟೊಡನೆ ಸಾಲು ನಡೆಯಿತು. ನೂರಕ್ಕೆ ನೂರು ದೊರೆಯಿತು. ಬರಿದಾದ ಪಟ್ಟಿಯನ್ನು ಕೊಡಿರಿ: ಸೊನ್ನೆಯಿಂದ ಭಾಗಿಸಹೋಗಿ ಅದೇ ಸಾಲು ಮುಗ್ಗರಿಸುವದು. ಅಷ್ಟೇಕೆ, ಬಂದ ಸರಾಸರಿ ಸರಿಯೋ ತಪ್ಪೋ ಎಂದು ಪರೀಕ್ಷೆಯು ಕೇಳದಿದ್ದರೂ ಅಂಕವು ಕುಂದುವದಿಲ್ಲ! ಹಾಗೆಂದು ಉಪಕರಣವನ್ನು ಜರೆಯುವದು ನ್ಯಾಯವಲ್ಲ. ಒಮ್ಮೆಯೂ ನಡೆಯದ ಸಾಲೆಂದು ಅದು ತೋರಿಸಿದ್ದನ್ನು ಯಾವ ಪರೀಕ್ಷೆಯೂ ಮುಟ್ಟಲಿಲ್ಲವೆಂದು ನಂಬಬಹುದು. ಆದುದರಿಂದ ಪ್ರೋಗ್ರಾಮು ಕಲಿಸುವ ತರಗತಿಗಳಲ್ಲಿ ಅಂಕವನ್ನು ಮುಚ್ಚಿಟ್ಟು, ಉಳಿದ ಸಾಲುಗಳ ಪಟ್ಟಿಯನ್ನು ಮಾತ್ರ ಹುಡುಗಿಯರ ಕೈಗೆ ಕೊಡತಕ್ಕದ್ದೆಂದು ನನ್ನ ಅಭಿಪ್ರಾಯ.