ಶಿಲುಬೆ ಮಾಡುವ ಬಡಗಿ

ಮಾರ್ಟಿನ್ ಸ್ಕಾರ್ಸೆಸಿ 1988ರಲ್ಲಿ ತೆಗೆದ ‘ದ ಲಾಸ್ಟ್ ಟೆಂಪ್ಟೇಷನ್ ಆಫ್ ಕ್ರೈಸ್ಟ್’ ಚಿತ್ರದ ಯೇಸು ರೋಮನ್ನರಿಗೆ ಶಿಲುಬೆ ಮಾಡಿಕೊಡುವ ಬಡಗಿ. ಹೆದರುತ್ತಾನೆ, ದೇವರ ಕರೆಯಿಂದ ತಪ್ಪಿಸಿಕೊಳ್ಳಲು ನೋಡುತ್ತಾನೆ. ಶಿಲುಬೆಗೇರಿಸಿದ ಮೇಲೆ ಮದುವೆ, ಮಕ್ಕಳು, ಮುಪ್ಪು ಎಲ್ಲ ಇರುವ ಸಂಸಾರವೊಂದು ಅವನ ಕಣ್ಣ ಮುಂದೆ ಹಾಯುತ್ತದೆ. ಅದೇ ಕೊನೆಯ ಪ್ರಲೋಭನೆ. ಅದನ್ನು ಒಲ್ಲೆನೆಂದು ಆತ ಶಿಲುಬೆಗೇ ಮರಳುತ್ತಾನೆ. ಆದರೆ ಗದ್ದಲವೆದ್ದದ್ದು ಆ ಸಂಸಾರದ ಬಗ್ಗೆ. ಮರಳಿದ್ದರ ಬಗ್ಗೆ ಮಾತೇ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಚಿತ್ರಮಂದಿರಕ್ಕೇ ಬೆಂಕಿ ಬಿತ್ತು. ಚಿತ್ರಕ್ಕೆ ಮೂಲವಾದ ಕಜಾಂಟ್‌ಜಾಕಿಸ್ ಕಾದಂಬರಿಯನ್ನು ಆಧರಿಸಿ ಪಿ.ಎಂ. ಆಂಟನಿ ಮಲಯಾಳಂನಲ್ಲಿ ಕಟ್ಟಿದ ನಾಟಕವನ್ನು ಕೇರಳ ಸರ್ಕಾರ ಅದೇ ದಶಕದಲ್ಲಿ ನಿಷೇಧಿಸಿತು.

ಭಕ್ತರಿಗಾದ ನೋವು ಸುಳ್ಳೆಂದು ಯಾರೂ ಹೇಳಲಾರರು. ಆದರೆ ಗೆತ್ಸೆಮನೆ ತೋಟದಲ್ಲಿ ಯೇಸು ಕಳವಳಗೊಂಡದ್ದನ್ನು, ಈ ಸಂಕಟ ತಪ್ಪಿಸೆಂದು ತಂದೆಯಲ್ಲಿ ಮೊರೆಯಿಟ್ಟದ್ದನ್ನು ಬರೆದಿಟ್ಟವರು ಸುವಾರ್ತೆಗಾರರು, ಹಾಲಿವುಡ್ಡಿನವರಲ್ಲ. ಆತ ಪೂರ್ಣ ದೇವರು, ಪೂರ್ಣ ಮನುಷ್ಯ ಎಂದು 451ರ ಕ್ಯಾಲ್ಸಿಡಾನ್ ಸಭೆ ಸಾರಿತ್ತು. ಚಿತ್ರ ಇನ್ನೂ ಮುಂದೆ ಹೋಗುತ್ತದೆ, ನಿಜ. ತನಗೆ ಸುವಾರ್ತೆ ಆಧಾರವಲ್ಲವೆಂದು ಆರಂಭದಲ್ಲೇ ಹೇಳಿಯೂ ಬಿಡುತ್ತದೆ. (ಜೂದಾಸ ನ್ಯೂಯಾರ್ಕಿನ ಧಾಟಿಯಲ್ಲಿ ಮಾತಾಡುವುದಕ್ಕೆ ಬೇಕಾದರೆ ಜಗಳವಾಡೋಣ.)

ಕ್ರೈಸ್ತರಿಗೆ ಬುದ್ಧಿ ಹೇಳಲು ಹೊರಡುವ ಕನ್ನಡಿಗರು ತಮ್ಮ ಮನೆಯನ್ನೂ ನೋಡಿಕೊಳ್ಳಬೇಕು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲ. ‘ಗೊಲ್ಗೊಥಾ’ದಲ್ಲಿ ಯೇಸುವಿನ ಕಡೆಯ ದಿನವನ್ನು ಕನ್ನಡದ ಕಾವ್ಯವಾಗಿಸಿದರು. ಅದು ನಮಗೆ ಹೆಮ್ಮೆ. ಆದರೆ ಬಸವಣ್ಣನ ಮನೆತನದ ಕಥೆಯನ್ನು ಪಿ.ವಿ. ನಾರಾಯಣ ‘ಧರ್ಮಕಾರಣ’ ಕಾದಂಬರಿಯಲ್ಲಿ ತಮ್ಮ ಕಲ್ಪನೆಯಂತೆ ಬರೆದಾಗ ಆದದ್ದೇನು? 1997ರಲ್ಲಿ ಕರ್ನಾಟಕ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಸುಪ್ರೀಂ ಕೋರ್ಟಿನವರೆಗೆ ಹೋದರು. 2007ರಲ್ಲಿ ಆ ಕೋರ್ಟು ಸರ್ಕಾರದ ಆದೇಶವನ್ನೇ ಎತ್ತಿಹಿಡಿಯಿತು. ಯೇಸು ಮನುಷ್ಯನಾದರೆ ಕಲೆ, ಬಸವಣ್ಣ ಮನುಷ್ಯನಾದರೆ ಅಪಚಾರ ಎನ್ನುವ ಲೆಕ್ಕ ಈ ಪತ್ರಿಕೆಗೆ ಒಪ್ಪಿಗೆಯಿಲ್ಲ.

ಇಂಥ ಮಾತುಕತೆಗೆ ಬೆಂಗಳೂರಿನ ನಮ್ಮ ಕಾಡುಗೋಡಿಯೇ ತಕ್ಕ ಜಾಗ. ಇಲ್ಲಿ ಸಾಯಿಬಾಬಾ ಆಶ್ರಮವಿದೆ. ಪಕ್ಕದ ವೈಟ್‌ಫೀಲ್ಡ್ 1882ರಲ್ಲಿ ಆಂಗ್ಲೋ-ಇಂಡಿಯನ್ನರ ನೆಲೆಯಾಗಿಯೇ ಹುಟ್ಟಿದ ಊರು. ಮೆಟ್ರೊ ಬಂದಮೇಲೆ ದೇಶದ ಎಲ್ಲ ಮೂಲೆಯ ಜನ ಇಲ್ಲಿ ಇಳಿಯುತ್ತಾರೆ. ಇಲ್ಲಿನ ಅಪಾರ್ಟ್‌ಮೆಂಟ್ ಸಂಘಗಳು ವಾರಾಂತ್ಯದಲ್ಲಿ ಈ ಚಿತ್ರ ತೋರಿಸಲಿ, ಚರ್ಚಿನ ಪಾದ್ರಿಗಳನ್ನೂ ಕರೆಯಲಿ. ನೋಡುವವರಲ್ಲಿ ನಮ್ಮ ಕೋರಿಕೆ ಒಂದೇ: ನಡುವೆ ಎದ್ದು ಹೋಗಬೇಡಿ, ಎರಡೂ ಮುಕ್ಕಾಲು ಗಂಟೆ ಪೂರ್ತಿ ಕುಳಿತು ನೋಡಿ, ಆಮೇಲೆ ಮನಸಾರೆ ಬೈಯಿರಿ.